ಅರ್ಧಕ್ಕರ್ಧ

ಹಳೇಬೀಡು
18 ಆಗಸ್ಟ್ 2024

ಸುನಿಲ್ ಅವರಿಗೆ,

ನಯನಾಳ ನಮಸ್ಕಾರ. ಬೋರಯ್ಯ ಮಾವನ ತಿಥಿಗೆ ಬಂದು ಹೋದ ಮೇಲೆ ನಾಲ್ಕು ಸಾಲು ಬರೆಯಬೇಕು ಅಂದುಕೊಂಡು ಹತ್ತು ದಿನ ಕಳೆಯಿತು. ನಮ್ಮಮ್ಮ ಅನುಸೂಯಮ್ಮ ಹೋದ ಮೇಲೆ ನನ್ನನ್ನು ‘ಏನವ್ವಾ’ ಅಂತ ಕರೆಯುತ್ತಿದ್ದವರು ಅಮ್ಮನ ಈ ಅಣ್ಣ ಒಬ್ಬರೇ. ಅವರಿದ್ದಾಗ ನಿಮ್ಮೂರು ಗಂಡಸಿಗೆ ಬರಲಿಲ್ಲ, ಹೋದ ಮೇಲೆ ಬಂದೆ. ನಿಮ್ಮ ಮನೆಯ ಹೊಸಿಲು ತುಳಿದು ಹದಿನಾರು ವರ್ಷವಾಗಿತ್ತು.

ಅವತ್ತು ಶಾಮಿಯಾನದ ಅಂಚಿನಲ್ಲಿ ಕೂತಿದ್ದೆ. ಬಿಸಿಲು ತಿರುಗಿದಾಗ ಯಾರೋ ಹಿಂದಿನಿಂದ ಬಂದು, ನಾನು ಕೂತಿದ್ದ ಹಾಗೆಯೇ ಕುರ್ಚಿಯನ್ನು ನೆರಳಿಗೆ ಎಳೆದರು. ಅರ್ಧ ಗಂಟೆ ಬಿಟ್ಟು ಇನ್ನೊಂದು ಸಲ. ನನಗೆ ಎರಡು ಮಾರು ಆಚೆಯ ಮುಖ ಕಾಣುವುದಿಲ್ಲ, ನಿಮಗೆ ಗೊತ್ತೇ ಇದೆ. ಆದರೆ ಕುರ್ಚಿಯ ಮೇಲಿದ್ದ ಕೈ ಕಂಡಿತು. ಎಡಗೈ ಹೆಬ್ಬೆರಳಿನ ಮೇಲೆ ಮಚ್ಚು ತಾಗಿದ ಗಾಯದ ಗುರುತು ಇನ್ನೂ ಹಾಗೇ ಇದೆ.

ಇರಲಿ, ಈ ಕಾಗದ ಅದಕ್ಕಲ್ಲ. ಒಂದು ಕೆಲಸವಿದೆ. ನಮ್ಮ ಶಾಲೆಯ ವಿಜ್ಞಾನದ ಮೇಡಂ ಅರುಣಾ ಹತ್ತನೇ ಕ್ಲಾಸಿಗೆ ಅನುವಂಶೀಯತೆಯ ಪಾಠ ಮಾಡುತ್ತಿದ್ದಾರೆ. ಬಟಾಣಿ ಗಿಡದ ಕತೆ ಮುಗಿಯುವ ಹೊತ್ತಿಗೆ ಒಬ್ಬಳು ಹುಡುಗಿ ಎದ್ದು, “ಮೇಡಂ, ಕನ್ನಡ ಮಿಸ್ ಕೂದಲು, ರೆಪ್ಪೆ ಎಲ್ಲಾ ಯಾಕೆ ಬೆಳ್ಳಗಿದೆ?” ಅಂದಳಂತೆ. ಅರುಣಾ ಸ್ಟಾಫ್ ರೂಮಿಗೆ ಬಂದು, ನನ್ನನ್ನು ಕೇಳಲೋ ಬೇಡವೋ ಅಂತ ಒದ್ದಾಡುತ್ತಾ ಒಂದೇ ಚಾಕ್‌ಪೀಸನ್ನು ಮೂರು ತುಂಡು ಮಾಡಿದರು. ನಾನೇ ಬಂದು ಹೇಳುತ್ತೇನೆ ಬಿಡಿ ಅಂದೆ. ಹೇಳುವುದಕ್ಕೆ ನನಗೆ ವಂಶದ ವಿಷಯ ಬೇಕು. ನಮ್ಮ ಅಜ್ಜಿಯ ತವರು, ನಮ್ಮೂರು ಕಣಕಟ್ಟೆಯಲ್ಲಿ ನನಗಿಂತ ಮೊದಲು ನನ್ನ ಹಾಗೆ ಯಾರಾದರೂ ಇದ್ದರಾ? ಕೇಳೋಣವೆಂದರೆ ಅಪ್ಪನೂ ಇಲ್ಲ, ಅಮ್ಮನೂ ಇಲ್ಲ. ನಿಮ್ಮ ತಾಯಿ ಸಣ್ಣತಾಯಮ್ಮನವರನ್ನು ಕೇಳಿ ತಿಳಿಸಿ.

ಫೋನ್ ಮಾಡಬೇಡಿ. ಫೋನಿನಲ್ಲಿ ನೀವು ‘ಹ್ಞೂಂ’ ಬಿಟ್ಟು ಬೇರೆ ಮಾತಾಡಿದ್ದು ನನಗೆ ನೆನಪಿಲ್ಲ. ಪುರುಸೊತ್ತಾದರೆ ಬರೆಯಿರಿ. ಕಪ್ಪು ಇಂಕು, ದಪ್ಪ ಅಕ್ಷರ, ಹಾಳೆಗೆ ಎಂಟು ಸಾಲು ಮೀರಬಾರದು. ಬಾಲ್ ಪೆನ್ನಿನ ಕಾಗದವನ್ನು ನಾನು ಮೂಗಿಗೆ ಒತ್ತಿಕೊಂಡು ಓದಬೇಕಾಗುತ್ತದೆ. ನೋಡಿದವರು ಮುತ್ತು ಕೊಡುತ್ತಿದ್ದಾಳೆ ಅಂದುಕೊಳ್ಳುತ್ತಾರೆ.

ಇತಿ,
ನಯನಾ

*

ಗಂಡಸಿ
5 ಸೆಪ್ಟೆಂಬರ್ 2024

ನಯನಾ,

ಕಾಯಿ ಮೂಟೆಗೆ ಗುರುತು ಹಾಕುವ ಮಾರ್ಕರಿನಲ್ಲಿ ಬರೆದಿದ್ದೇನೆ. ಇಂಕು ಹಿಂದಕ್ಕೆ ಇಳಿಯುತ್ತೆ, ಅದಕ್ಕೇ ಒಂದೇ ಮಗ್ಗುಲು. ಎಂಟು ಸಾಲಿನ ಲೆಕ್ಕಕ್ಕೆ ಏಳು ಹಾಳೆ ಆಯಿತು. ಪೋಸ್ಟಾಫೀಸಿನಲ್ಲಿ ಇದೇನು ಮದುವೆ ಪತ್ರಿಕೆಯಾ ಅಂತ ಕೇಳಿದರು.

ಅವ್ವನನ್ನು ಕೇಳಿದೆ. ಮೊದಲು ಬೈದಳು, ಆಮೇಲೆ ಹೇಳಿದಳು. ಅವಳು ಹೇಳಿದ ಹಾಗೇ ಬರೀತೀನಿ, ನೀನು ತಿದ್ದಬೇಡ. “ನಿಮ್ಮಜ್ಜಿಗೆ ಒಬ್ಬ ಅಕ್ಕ ಇದ್ಲಂತೆ ಕಣಪ್ಪ. ಬೆಳ್ಳಿ ಅಂತಲೇ ಕರೀತಿದ್ರಂತೆ, ನಿಜವಾದ ಹೆಸರು ಯಾರ್ಗೂ ಗೊತ್ತಿಲ್ಲ. ಹಗಲೊತ್ತು ಹೊರಕ್ಕೇ ಬಿಡ್ತಿರ್ಲಿಲ್ವಂತೆ. ನೆಂಟ್ರು ಬಂದ್ರೆ ರಾಗಿ ತುಂಬೋ ವಾಡೆ ಹಿಂದೆ ಕೂರಿಸ್ತಿದ್ರಂತೆ. ಅವ್ಳಂಗೆ ಬೀಸೋ ಪದ ಹೇಳೋರು ಕಣಕಟ್ಟೇಲೇ ಇರ್ಲಿಲ್ವಂತೆ. ಮದ್ವೆ ಮಾಡ್ಲಿಲ್ಲ. ವಯಸ್ಸಿಗೆ ಮುಂಚೆ ಹೋದ್ಲು.” ಇದಿಷ್ಟೇ ಅವ್ವನಿಗೆ ಗೊತ್ತಿರೋದು. ಅವಳು ಹಾರನಹಳ್ಳಿ ಕಡೆಯಿಂದ ಬಂದ ಸೊಸೆ, ಅಜ್ಜಿ ಬಾಯಲ್ಲಿ ಕೇಳಿದ್ದು.

ಇದೆಲ್ಲ ರಕ್ತದಲ್ಲಿ ಬರೋದು ಅಂತ ನನಗೆ ಮೊದಲೇ ಗೊತ್ತಿತ್ತು.

ಕುರ್ಚಿ ಎಳೆದಿದ್ದು ನಾನೇ. ಇಪ್ಪತ್ತೈದು ಕುರ್ಚಿಗೆ ಶಾಮಿಯಾನ ಸಣ್ಣದಾಯಿತು. ನನ್ನನ್ನು ನೀವು ತಾವು ಅನ್ನಬೇಡ, ಬ್ಯಾಂಕಿನಿಂದ ಕಾಗದ ಬಂದ ಹಾಗಿರುತ್ತೆ.

ಬತ್ತೀನಿ.
ಸುನಿಲ

*

ಹಳೇಬೀಡು
23 ಸೆಪ್ಟೆಂಬರ್ 2024

ಸುನಿಲ್,

ನೀವು ಬಿಟ್ಟೆ. ಕಾಗದ ಬಂದ ದಿನ ಏಳೂ ಹಾಳೆಯನ್ನು ಹಾಸಿಗೆಯ ಮೇಲೆ ಸಾಲಾಗಿ ಹರಡಿ, ನಿಂತುಕೊಂಡು ಓದಿದೆ. ನನ್ನ ಆಯುಷ್ಯದಲ್ಲಿ ನಿಂತುಕೊಂಡು ಓದಿದ ಮೊದಲನೇ ಕಾಗದ ಅದು.

ಶನಿವಾರ ಪಾಠ ಮಾಡಿದೆ. ಅರುಣಾ ಹಿಂದಿನ ಬೆಂಚಿನಲ್ಲಿ ಕೂತಿದ್ದರು. ಬೋರ್ಡಿನ ಮೇಲೆ ನಮ್ಮ ಎರಡೂ ಮನೆ ಬರೆದೆ. ಕಣಕಟ್ಟೆಯಲ್ಲಿ ಬೆಳ್ಳಿ, ಅವಳ ತಂಗಿ, ಅವರಿಬ್ಬರ ತಮ್ಮ ನಮ್ಮಪ್ಪ ಸಣ್ಣಯ್ಯ. ಆ ತಂಗಿ ಗಂಡಸಿಗೆ ಸೊಸೆಯಾಗಿ ಬಂದು ನಮ್ಮಿಬ್ಬರಿಗೂ ಅಜ್ಜಿಯಾದಳು. ಅವಳಿಗೆ ಇಬ್ಬರು ಮಕ್ಕಳು, ನಿಮ್ಮಪ್ಪ ಮತ್ತು ನಮ್ಮಮ್ಮ. ನಮ್ಮಪ್ಪ ಅಕ್ಕನ ಮಗಳನ್ನೇ ತಂದುಕೊಂಡರು, ಅವಳೇ ನಮ್ಮಮ್ಮ. ಇಷ್ಟು ಬರೆಯುವಷ್ಟರಲ್ಲಿ ಒಬ್ಬ, “ಮಿಸ್, ನಮ್ಮನೇಲೂ ಹಂಗೇ” ಅಂದ. ನೋಡಿದರೆ ಅರ್ಧ ಕ್ಲಾಸು ಕೈ ಎತ್ತಿದೆ.

ಮನೆದೇವರು ಬೇರೆಯಾದರೆ ಹೆಣ್ಣು ತರಬಹುದು ಅನ್ನುವುದಲ್ಲವೇ ನಮ್ಮ ಹಿರಿಯರ ಲೆಕ್ಕ? ಒಂದೇ ದೇವರ ಒಕ್ಕಲಾದರೆ ಅಣ್ಣತಮ್ಮಂದಿರು, ಬೇರೆಯಾದರೆ ನೆಂಟರು. ಕಣಕಟ್ಟೆಯ ನಮ್ಮದು ಕರಿಯಮ್ಮ, ಗಂಡಸಿಯ ನಿಮ್ಮದು ರಂಗಪ್ಪ. ತಾಳಿ ಕಟ್ಟಿಸಿಕೊಂಡ ದಿನ ಹೆಣ್ಣಿಗೆ ಮನೆದೇವರು ಬದಲಾಗುತ್ತದೆ. ರಕ್ತಕ್ಕೆ ಅದು ತಿಳಿಯುವುದಿಲ್ಲ. ಅಜ್ಜಿ ಕರಿಯಮ್ಮನ ಮನೆಯಿಂದ ಈ ವಂಶವಾಹಿಯನ್ನು ಸೆರಗಿನಲ್ಲಿ ಕಟ್ಟಿಕೊಂಡು ರಂಗಪ್ಪನ ಮನೆಗೆ ಬಂದಳು. ಅಮ್ಮ ಅದನ್ನು ಮಡಿಲಲ್ಲಿ ಇಟ್ಟುಕೊಂಡು ಮತ್ತೆ ಕಣಕಟ್ಟೆಗೆ ಹೋದಳು. ಅಲ್ಲಿ ಅಪ್ಪನಲ್ಲಿ ಅದರದೇ ಜೋಡಿ ಕಾದಿತ್ತು. ಒಬ್ಬರಲ್ಲಿ ಒಂದೇ ಇದ್ದಾಗ ಮೈಮೇಲೆ ಏನೂ ಕಾಣುವುದಿಲ್ಲ, ಸುಮ್ಮನೆ ಒಳಗೇ ಇದ್ದುಬಿಡುತ್ತದೆ. ಅಪ್ಪ ಒಂದು, ಅಮ್ಮ ಒಂದು ಕೊಟ್ಟರೆ ಆಗ ನಾನು. ಇದಕ್ಕೆ ಆಲ್ಬಿನಿಸಂ ಅನ್ನುತ್ತಾರೆ, ತೊನ್ನಲ್ಲ, ಅಂಟುವುದಿಲ್ಲ, ಶಾಪವೂ ಅಲ್ಲ ಅಂದೆ. ಕರಿಯಮ್ಮನ ಒಕ್ಕಲಲ್ಲಿ ಬಿಳೀ ಕೂಸು ಹುಟ್ಟಿತು ಅಂತ ಊರು ನಕ್ಕಿದ್ದನ್ನೂ ಹೇಳಿದೆ. ಹುಡುಗರು ನಕ್ಕರು, ನಾನೂ ನಕ್ಕೆ. ಅಮ್ಮ ಬಸುರಿಯಾಗಿದ್ದಾಗ ಗ್ರಹಣ ನೋಡಿದ್ದಕ್ಕೇ ಹೀಗಾಯಿತು ಅಂತ ಸಾಯುವ ತನಕ ನಂಬಿದ್ದಳು. ಅವಳಿಗೆ ಈ ಪಾಠ ಮಾಡುವವರು ಯಾರೂ ಇರಲಿಲ್ಲ. ಬೋರ್ಡು ಒರೆಸುವಾಗ ಅದೊಂದಕ್ಕೆ ಅಳು ಬಂತು. ಬೆಳ್ಳಿಯ ಹೆಸರನ್ನು ಮಾತ್ರ ಒರೆಸಲಿಲ್ಲ.

ಇಲ್ಲಿ ನನ್ನ ಬದುಕು ಚೆನ್ನಾಗಿಯೇ ಇದೆ. ದೇವಸ್ಥಾನದ ಹತ್ತಿರ ಹೋದರೆ ಗೈಡುಗಳು ಫಾರಿನ್ನವಳು ಅಂದುಕೊಂಡು ಇಂಗ್ಲಿಷಿನಲ್ಲಿ ಶುರು ಮಾಡುತ್ತಾರೆ. “ಏನಣ್ಣಾ, ಊಟ ಆಯ್ತಾ?” ಅಂದರೆ ಛತ್ರಿ ಕೆಳಗೆ ಬಗ್ಗಿ ನನ್ನ ಮುಖ ನೋಡುತ್ತಾರೆ.

ಎರಡು ಮಾತು ಕೇಳಬೇಕು. ಕಾಗದದ ಕೊನೆಗೆ ‘ಬತ್ತೀನಿ’ ಅಂತ ಬರೆದಿದ್ದೀಯ. ಹೊರಡುವಾಗ ಯಾರೂ ಹೋಗ್ತೀನಿ ಅನ್ನುವುದಿಲ್ಲ, ನಿಜ. 2008ರಲ್ಲಿ ನಮ್ಮಿಬ್ಬರ ಮದುವೆಯ ಒಪ್ಪುವೀಳ್ಯಕ್ಕೆ ಎಂಟು ದಿನ ಇರುವಾಗ ನಮ್ಮ ಮನೆಯ ಗೇಟಿನಲ್ಲಿ ನಿಂತು ಅದೇ ಮಾತು ಹೇಳಿ ಹೋದೆ. ನಾನು ಕನ್ನಡ ಎಂ.ಎ. ಓದುತ್ತಿದ್ದವಳು, ಆ ಮಾತಿಗೆ ಅದರ ಅರ್ಥವನ್ನೇ ಹಿಡಿದು ಕೂತೆ. ಮಾರನೇ ದಿನ ‘ಬೇಡ’ ಅಂತ ಬಂದದ್ದು ನಿನ್ನ ಕೈಯಿಂದಲ್ಲ, ಮಾವನ ಕೈಯಿಂದ.

ಇನ್ನೊಂದು, ‘ಮೊದಲೇ ಗೊತ್ತಿತ್ತು’ ಅಂದಿದ್ದೀಯಲ್ಲ. ಮೊದಲೇ ಅಂದರೆ ಯಾವಾಗಿನಿಂದ?

ನಯನಾ

*

ಗಂಡಸಿ
3 ನವೆಂಬರ್ 2024

ನಯನಾ,

ಆರು ವಾರ ಆಯಿತು. ಬರೆದು ಹರಿದು ಹಾಕಿದ ಹಾಳೆಯಲ್ಲಿ ಅವ್ವ ನೀರೊಲೆ ಹಚ್ಚಿದಳು. ಇದನ್ನು ಹರಿಯಲ್ಲ.

2008ರಿಂದ ಗೊತ್ತಿತ್ತು. ಸಂಬಂಧದಲ್ಲಿ ಮದುವೆಯಾದರೆ ಹಿಂಗಿಂಗೆ ಅಂತ ಪೇಪರಿನಲ್ಲಿ ಬಂದಿತ್ತು. ಅದನ್ನು ಮಡಚಿ ಜೇಬಿನಲ್ಲಿಟ್ಟುಕೊಂಡು ಒಬ್ಬನೇ ಹಾಸನಕ್ಕೆ ಹೋಗಿ ಒಬ್ಬರು ಡಾಕ್ಟರನ್ನು ಕಂಡೆ. ಅವರು ಕಾಗದದ ಮೇಲೆ ಗೀಟು ಹಾಕಿ ತೋರಿಸಿದರು. ನಿನ್ನಲ್ಲೂ ಅದು ಇದ್ದರೆ, ಹುಟ್ಟೋ ಮಕ್ಕಳು ಅರ್ಧಕ್ಕರ್ಧ ಆ ಹುಡುಗಿ ಹಾಗೇ ಆಗ್ತವೆ ಅಂದರು. ಬಸ್ಸಿನಲ್ಲಿ ಬರುವಾಗ ಅರ್ಧಕ್ಕರ್ಧ, ಅರ್ಧಕ್ಕರ್ಧ ಅಂತ ಅದೊಂದೇ ಮಾತು ತಲೆಯಲ್ಲಿ. ಅಲ್ಲಿಂದ ನೇರ ಕಣಕಟ್ಟೆಗೆ ಬಂದೆ, ನಿನಗೆ ಹೇಳೋಣ ಅಂತ. ನೀನು ಗೇಟಿಗೆ ಬಂದೆ, ಹಸಿರು ದಾವಣಿ ಉಟ್ಟಿದ್ದೆ. ಹೇಳೋಕಾಗಲಿಲ್ಲ. ಬತ್ತೀನಿ ಅಂದು ಹೊರಟೆ.

ನಾನು ಏನೇನು ನೋಡಿದ್ದೆ ಅಂತ ನಿನಗೆ ಗೊತ್ತು. ಸ್ಕೂಲಿನಲ್ಲಿ ನಿನ್ನನ್ನು ಪರಂಗಿ ಅಂತ ಕಲ್ಲು ಹೊಡೆದಿದ್ದು, ಬೋರ್ಡು ಕಾಣಿಸದೆ ನೀನು ಅತ್ತಿದ್ದು, ಬೇಸಿಗೆ ರಜದಲ್ಲಿ ಭುಜದ ಮೇಲೆಲ್ಲಾ ಬೊಬ್ಬೆ ಎದ್ದಿದ್ದು. ಅದೆಲ್ಲಾ ಇನ್ನೊಂದು ಮಗುವಿಗೆ ಬರೋದನ್ನು ನನ್ನ ಕೈಲಿ ನೋಡೋಕಾಗಲ್ಲ ಅನ್ನಿಸಿತು. ನಿನಗೆ ಹೇಳಿದರೆ ನೊಂದುಕೊಳ್ತೀಯ ಅಂತ ಅಪ್ಪನ ಹತ್ತಿರವೂ ಕಾರಣ ಹೇಳಲಿಲ್ಲ. ಹೇಳದೆ ಹೋದಿದ್ದಕ್ಕೆ ಅಪ್ಪ ನನ್ನ ಜೊತೆ ಎರಡು ವರ್ಷ ಮಾತು ಬಿಟ್ಟ.

ಬೇರೆ ಹೆಣ್ಣು ನೋಡಲಿಲ್ಲ. ಬೇಸಾಯದವನಿಗೆ ಹೆಣ್ಣು ಸಿಗಲ್ಲ ಅಂತ ಊರಿನವರು ಅಂದುಕೊಂಡಿದ್ದಾರೆ. ಹಂಗೇ ಅಂದುಕೊಳ್ಳಲಿ ಅಂತ ಬಿಟ್ಟಿದ್ದೇನೆ.

ನಿನ್ನ ಒಳ್ಳೆಯದಕ್ಕೇ ಮಾಡಿದೆ ಅಂತ ಇವತ್ತಿನ ತನಕ ಅಂದುಕೊಂಡಿದ್ದೇನೆ.

ಸುನಿಲ

*

ಹಳೇಬೀಡು
8 ನವೆಂಬರ್ 2024

ಸುನಿಲ್ ಅವರಿಗೆ,

ನಿಮ್ಮ ಹಾಳೆಗಳನ್ನು ಸಾಲಾಗಿ ಹರಡಿ ಓದಿದೆ. ಈ ಸಲ ನಿಲ್ಲಲು ಆಗಲಿಲ್ಲ, ನೆಲದ ಮೇಲೆ ಕೂತು ಓದಿದೆ.

ಮೊದಲು ಲೆಕ್ಕ ಮುಗಿಸುತ್ತೇನೆ. ಎರಡನೇ ಹಾಳೆಯ ನಾಲ್ಕನೇ ಸಾಲು ನೋಡಿ. ಡಾಕ್ಟರು ‘ನಿನ್ನಲ್ಲೂ ಅದು ಇದ್ದರೆ’ ಅಂದರು. ಇದ್ದರೆ! ನೀವೇ ನಿಮ್ಮ ಕೈಯಾರೆ ದಪ್ಪ ಅಕ್ಷರದಲ್ಲಿ ಬರೆದಿದ್ದೀರಿ, ಬರೆದೂ ನಿಮಗೆ ಕಾಣಲಿಲ್ಲ. ಕಣ್ಣು ಸರಿಯಿಲ್ಲದವಳು ನಾನು. ಆ ‘ರೆ’ಗೆ ವ್ಯಾಕರಣದಲ್ಲಿ ಒಂದು ಹೆಸರಿದೆ, ಪ್ರತಿ ವರ್ಷ ಹುಡುಗರಿಗೆ ಉರುಹೊಡೆಸುತ್ತೇನೆ. ನೀವು ಆ ‘ರೆ’ಯನ್ನು ಹಾಸನದಲ್ಲೇ ಬಿಟ್ಟು, ಅರ್ಧಕ್ಕರ್ಧವನ್ನು ಮಾತ್ರ ಬಸ್ ಹತ್ತಿಸಿಕೊಂಡು ಬಂದಿರಿ. ಅಜ್ಜಿಯಲ್ಲಿ ಇದ್ದದ್ದು ಮಾವನಿಗೆ ಬಂದಿರಬಹುದು, ಬರದೆಯೂ ಇರಬಹುದು. ಮಾವನಿಗೆ ಬಂದಿದ್ದರೂ ನಿಮಗೆ ಬಂದಿರಬಹುದು, ಬರದೆಯೂ ಇರಬಹುದು. ನಿಮ್ಮಲ್ಲಿ ಇರುವುದಕ್ಕೆ ನಾಲ್ಕರಲ್ಲಿ ಒಂದು ಪಾಲು. ಇದ್ದರೂ ಮಗುವಿಗೆ ಅದರಲ್ಲಿ ಅರ್ಧ. ಅಂದರೆ ಎಂಟರಲ್ಲಿ ಒಂದು. ಅರುಣಾ ಹತ್ತಿರ ಎರಡು ಸಲ ಕೇಳಿ ಬರೆಯುತ್ತಿದ್ದೇನೆ.

ಎಂಟರಲ್ಲಿ ಏಳು ಪಾಲು ಒಳ್ಳೆಯದೇ ಇತ್ತಲ್ಲ ಅಂತ ಬರೆಯಲು ಹೋದೆ, ಕೈ ನಿಂತಿತು. ಉಳಿದ ಆ ಒಂದು ಪಾಲು ಯಾರು? ನಾನು ತಾನೇ?

ಹದಿನಾರು ವರ್ಷ ನಾನು ಅಂದುಕೊಂಡಿದ್ದು, ಇವನಿಗೆ ನನ್ನ ಬಣ್ಣ ಬೇಡವಾಯಿತು, ನಾಲ್ಕು ಜನರ ಮುಂದೆ ನನ್ನ ಪಕ್ಕ ಕೂರಲು ನಾಚಿಕೆಯಾಯಿತು ಅಂತ. ಅದನ್ನು ಎಂದೋ ಕ್ಷಮಿಸಿದ್ದೆ. ಗಂಡಸರಿಗೆ ನಾಚಿಕೆ ಬೇಗ ಆಗುತ್ತದೆ, ಪಾಪ. ಈಗ ತಿಳಿಯಿತು, ನೀವು ಹೆದರಿದ್ದು ನನ್ನ ಪಕ್ಕ ಕೂರಲು ಅಲ್ಲ, ಇನ್ನೊಬ್ಬಳು ನಾನು ಹುಟ್ಟಿಬಿಟ್ಟಾಳು ಅಂತ. ನನ್ನ ಹಾಗಿರುವ ಒಂದು ಜೀವ ಭೂಮಿಗೆ ಬರದಿದ್ದರೇ ಒಳ್ಳೆಯದು ಅಂತ ತೀರ್ಮಾನ ಮಾಡಿ, ಅದನ್ನು ನನ್ನ ಒಳ್ಳೆಯದಕ್ಕೇ ಮಾಡಿದೆ ಅನ್ನುತ್ತೀರಿ. ಕಲ್ಲು ಹೊಡೆದವರನ್ನು ಬಿಟ್ಟು, ಹೊಡೆಸಿಕೊಳ್ಳುವ ಮಗುವನ್ನೇ ಬೇಡ ಅಂದಿರಿ. ನಮ್ಮ ಹಿರಿಯರು ಬೆಳ್ಳಿಯನ್ನು ವಾಡೆಯ ಹಿಂದೆ ಕೂರಿಸಿದರು. ನೀವು ನನ್ನ ಮಗುವನ್ನು ಅದಕ್ಕಿಂತಲೂ ಹಿಂದೆ ಕೂರಿಸಿಬಿಟ್ಟಿರಿ.

ಕಲ್ಲು, ಬೊಬ್ಬೆ ಎಲ್ಲ ನೆನಪಿಟ್ಟುಕೊಂಡಿದ್ದೀರಿ. ನಾನು ಮಾವಿನ ಮರದ ಮೇಲೆ ಕೂತು ಪಾಠ ಒಪ್ಪಿಸಿದ್ದು, ತಾಲ್ಲೂಕಿಗೇ ಮೊದಲು ಬಂದಿದ್ದು, ನಗುನಗುತ್ತಾ ನಿಮ್ಮ ಸೈಕಲ್ ಹಿಂದೆ ಕೂತು ಬಂದಿದ್ದು, ಅವು ಯಾವುವೂ ಲೆಕ್ಕಕ್ಕೆ ಬರಲಿಲ್ಲವೇ? ನಾನು ಸುಖವಾಗಿಯೂ ಇದ್ದೆ ಅನ್ನುವುದು ಯಾರ ಕಣ್ಣಿಗೂ ಬೀಳಲಿಲ್ಲವೇ?

ಚಿಕ್ಕಂದಿನಲ್ಲಿ ಭಾವ ಭಾವ ಅಂತ ನಿಮ್ಮ ಹಿಂದೆ ಸುತ್ತುತ್ತಿದ್ದೆ. ನೀವು ಬೇಡ ಅಂದ ದಿನದಿಂದ ಆ ಮಾತು ನನ್ನ ಬಾಯಿಗೆ ಬಂದಿಲ್ಲ, ಮಾವನ ಮಗ ಅಂತ ಇರುವವರು ನೀವೊಬ್ಬರೇ. ಇನ್ನು ಬರೆಯಬೇಡಿ.

ನಯನಾ

*

ಗಂಡಸಿ
12 ಜನವರಿ 2025

ನಯನಾ,

ಬರೆಯಬೇಡ ಅಂದಿದ್ದೆ. ಎರಡು ತಿಂಗಳು ಬರೆಯಲಿಲ್ಲ. ಇದನ್ನು ಓದದೇ ಇದ್ದರೂ ಸರಿ, ಹರಿಯೋಕೆ ಮುಂಚೆ ಕೊನೇ ಹಾಳೆ ಮಾತ್ರ ನೋಡು.

ನಿನ್ನ ಕಾಗದ ಬಂದ ವಾರ ಬೆಂಗಳೂರಿಗೆ ಹೋಗಿದ್ದೆ. ರಕ್ತ ಕೊಟ್ಟರೆ ನನ್ನಲ್ಲಿ ಅದು ಇದೆಯೋ ಇಲ್ಲವೋ ಹೇಳ್ತಾರೆ ಅಂತ ಗೊತ್ತಾಗಿತ್ತು. ಇಲ್ಲ ಅಂತ ಬರೆಸಿಕೊಂಡು ಬಂದು ನಿನ್ನ ಮುಂದೆ ಇಡೋಣ ಅಂತ ಆಸೆ, ಸುಳ್ಳು ಯಾಕೆ ಹೇಳಲಿ. ಅಲ್ಲಿ ಒಬ್ಬಾಕೆ ಕೂರಿಸಿಕೊಂಡು ಎಲ್ಲ ಕೇಳಿದರು, ನಿನ್ನ ಹಾಗೇ ಗೀಟು ಹಾಕಿ ಮನೆ ಬರೆದರು. ಆಮೇಲೆ ಹೇಳಿದರು, ಇದು ಬೇರೆ ಬೇರೆ ಮನೆತನದಲ್ಲಿ ಬೇರೆ ಬೇರೆ ಕಡೆ ಇರುತ್ತೆ, ಆ ಹೆಣ್ಣುಮಗಳ ರಕ್ತ ಮೊದಲು ನೋಡಬೇಕು, ಅದಿಲ್ಲದೆ ನಿಮ್ಮ ರಕ್ತದಲ್ಲಿ ಏನು ಹುಡುಕಬೇಕು ಅಂತ ನಮಗೆ ಸರಿಯಾಗಿ ತಿಳಿಯಲ್ಲ ಅಂತ. ಅವರು ನಿಮಗೆ ಏನಾಗಬೇಕು ಅಂದರು. ಅತ್ತೆ ಮಗಳು ಅಂದೆ. ಕರೆದುಕೊಂಡು ಬರ್ತೀರಾ ಅಂದರು. ಎದ್ದು ಬಂದೆ.

ಅಲ್ಲಿಂದ ಅರಸೀಕೆರೆ ತನಕ ರೈಲಿನಲ್ಲಿ ನಿಂತೇ ಬಂದೆ. ನೀನಿಲ್ಲದೆ ನನ್ನಲ್ಲಿ ಏನಿದೆ ಅಂತ ನೋಡೋಕೂ ಆಗಲ್ಲವಂತೆ.

ನೀನು ಬರೆದಿದ್ದು ನಿಜ. ನಾನು ನಿನ್ನ ಕಷ್ಟ ನೋಡಿದೆ, ನಿನ್ನನ್ನು ನೋಡಲಿಲ್ಲ. ಸೈಕಲ್ ತುಳಿಯುವಾಗ ಹಿಂದೆ ಕೂತವರ ನಗು ಕೇಳುತ್ತೆ, ಮುಖ ಕಾಣಲ್ಲ. ಕೇಳಿದ್ದನ್ನಾದರೂ ನೆನಪಿಟ್ಟುಕೊಳ್ಳಬೇಕಿತ್ತು. ತಪ್ಪಾಯಿತು. ಇದಕ್ಕಿಂತ ದೊಡ್ಡ ಮಾತು ನನಗೆ ಬರಲ್ಲ.

ಕೊನೇ ಹಾಳೆ ಇದು. ಆ ಎಂಟರಲ್ಲಿ ಒಂದು ಹುಟ್ಟಿದ್ದರೆ ಏನು ಮಾಡುತ್ತಿದ್ದೆ ಅಂತ ನೀನು ಕೇಳಲಿಲ್ಲ, ನಾನೇ ಕೇಳಿಕೊಂಡೆ. ಬಿಸಿಲು ತಿರುಗಿದ ಹಾಗೆ ಅದರ ಕುರ್ಚಿಯನ್ನೂ ನೆರಳಿಗೆ ಎಳೆಯುತ್ತಿದ್ದೆ. ಅಷ್ಟೇ ಕೆಲಸ ಇದ್ದಿದ್ದು ನಯನಾ. ಅಷ್ಟಕ್ಕೆ ಹೆದರಿಕೊಂಡೆ.

ಸುನಿಲ

*

ಹಳೇಬೀಡು
20 ಜನವರಿ 2025

ಭಾವ,

ಬರೆದು ನೋಡಿದೆ. ಮಹಾಪ್ರಾಣ ಇನ್ನೂ ಕೈಗೆ ಬರುತ್ತದೆ.

ಕೊನೇ ಹಾಳೆಯನ್ನು ಮೊದಲು ಓದಿದೆ, ನೀನು ಹೇಳಿದ ಹಾಗೆ. ಅದನ್ನು ಮಾತ್ರ ಮೂಗಿಗೆ ಒತ್ತಿಕೊಂಡು ಓದಿದೆ. ಅಕ್ಷರ ದಪ್ಪವಾಗಿಯೇ ಇತ್ತು, ಒತ್ತಿಕೊಳ್ಳುವ ಅಗತ್ಯವಿರಲಿಲ್ಲ.

ನನ್ನದೂ ಒಂದು ತಪ್ಪಿದೆ, ಒಪ್ಪಿಸಿಬಿಡುತ್ತೇನೆ. ‘ಬೇಡ’ ಅಂದ ದಿನ ಮಾವ ನಮ್ಮ ಹಜಾರದಲ್ಲಿ ತಲೆ ತಗ್ಗಿಸಿ ಕೂತು, “ಅವ್ನೇನೂ ಬಾಯಿ ಬಿಡ್ತಿಲ್ಲ ಕಣವ್ವಾ, ನೀನೇ ಬಂದು ಒಂದ್ಮಾತು ಕೇಳು” ಅಂದರು. ನಾನು ಹೋಗಲಿಲ್ಲ. ಕೇಳಿದರೆ ಎಲ್ಲಿ ‘ನಿನ್ನ ಬಣ್ಣಕ್ಕೆ’ ಅಂದುಬಿಡುತ್ತೀಯೋ ಅಂತ ಹೆದರಿದೆ. ನೀನು ಹೇಳಲಿಲ್ಲ, ನಾನು ಕೇಳಲಿಲ್ಲ. ತಪ್ಪು ಅರ್ಧಕ್ಕರ್ಧ ಅಂತಲೇ ಇಟ್ಟುಕೋ, ಇದರಲ್ಲಿ ‘ರೆ’ ಇಲ್ಲ.

ಬೆಂಗಳೂರಿಗೆ ರಕ್ತ ಕೊಡಲು ನಾನು ಬರುವುದಿಲ್ಲ. ನಿನ್ನಲ್ಲಿ ಅದು ಇದೆಯೋ ಇಲ್ಲವೋ ನನಗೆ ತಿಳಿಯುವುದು ಬೇಡ. ಇದ್ದರೆ ಅಜ್ಜಿಯದು, ಬೆಳ್ಳಿಯದು, ನನ್ನದು. ಹೊತ್ತುಕೊಂಡಿರು, ಭಾರವೇನೂ ಇಲ್ಲ. ನನಗೀಗ ಮೂವತ್ತೆಂಟು, ನಿನಗೆ ನಲವತ್ತೆರಡು. ಮಕ್ಕಳ ಮಾತು ಈಗ ಯಾರಾದರೂ ಕೇಳಿದರೆ ನಗುತ್ತಾರೆ. ಆದರೆ ಆಗಲಿ. ಆ ಒಂದು ‘ರೆ’ ಇದ್ದುಕೊಳ್ಳಲಿ, ನಾನು ತಿದ್ದುವುದಿಲ್ಲ.

ಫೆಬ್ರವರಿ ಎರಡು, ಭಾನುವಾರ, ನನಗೆ ರಜ. ಅರಸೀಕೆರೆಯಿಂದ ಜಾವಗಲ್ ಮೇಲೆ ಬರುವ ಬಸ್ಸು ಹಿಡಿದರೆ ಊಟದ ಹೊತ್ತಿಗೆ ಇಲ್ಲಿ. ಇಳಿದ ಮೇಲೆ ಫಾರಿನ್ ಮೇಡಂ ಮನೆ ಅಂತ ಕೇಳು, ಯಾವ ಗೈಡನ್ನು ಕೇಳಿದರೂ ತೋರಿಸುತ್ತಾನೆ. ಮುದ್ದೆ ಕಟ್ಟುವುದನ್ನು ಮರೆತಿಲ್ಲ. ಜಗುಲಿಯಲ್ಲಿ ಎರಡು ಕುರ್ಚಿ ಹಾಕಿರುತ್ತೇನೆ. ಮಧ್ಯಾಹ್ನ ಮೂರರ ಮೇಲೆ ಅಲ್ಲಿಗೆ ಬಿಸಿಲು ತಿರುಗುತ್ತದೆ.

ನೀನು ಬಂದರೆ ಅಂತ ಬರೆದು ಹೊಡೆದುಹಾಕಿದ್ದೇನೆ, ನೋಡು, ಕೆಳಗೆ ಕರಿ ಗೀಟು ಕಾಣುತ್ತದೆ.

ಬಾ.

ನಯನಾ

*

ಗಂಡಸಿ
24 ಜನವರಿ 2025

ನಯನಾ,

ಎಂಟು ಸಾಲು ಬೇಡ, ಈ ಹಾಳೆಗೆ ಒಂದೇ ಮಾತು. ಗೇಟಿನಲ್ಲಿ ಹೇಳಿ ಉಳಿಸಿಕೊಂಡಿದ್ದು. ನೀನು ದೂರದಲ್ಲಿ ನಿಂತರೂ ಕಾಣಲಿ ಅಂತ ಹಾಳೆ ತುಂಬ ಬರೆದಿದ್ದೇನೆ. ಬರುತ್ತೇನೆ ಅಂತ ತಿದ್ದಬೇಡ.

ಬತ್ತೀನಿ.

ನಿನ್ನ ಬಾವ